ಬೆರಳು ತೆಗೆಯುವ ಮೊದಲು ರಕ್ತನಾಳ ತೆರೆಯಬಹುದಾ?

ಪ್ರಶ್ನೆ: ನನ್ನ ತಂದೆಗೆ 66 ವರ್ಷ. 18 ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಸಿಗರೇಟೂ ಸೇದುತ್ತಾರೆ. ಒಂದು ವರ್ಷದಿಂದ ಸ್ವಲ್ಪ ದೂರ ನಡೆದರೆ ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ನಿಂತರೆ ಹೋಗುತ್ತಿತ್ತು. ವಯಸ್ಸಾಯ್ತಲ್ಲ ಅಂತ ಸುಮ್ನಿದ್ದೆವು. ಎರಡು ತಿಂಗಳ ಹಿಂದೆ ಚಪ್ಪಲಿ ಉಜ್ಜಿ ಕಿರುಬೆರಳಿಗೆ ಆದ ಗಾಯ ಇನ್ನೂ ಮಾಯ್ದಿಲ್ಲ, ಬೆರಳ ತುದಿ ಕಪ್ಪಾಗಿದೆ. ರಾತ್ರಿ ಮಲಗಿದರೆ ಪಾದ ಉರಿಯುತ್ತದೆ, ಎದ್ದು ಕಾಲನ್ನು ಮಂಚದಿಂದ ಇಳಿಬಿಟ್ಟು ಕೂರುತ್ತಾರೆ. ಒಬ್ಬ ವೈದ್ಯರು ಬೆರಳು ತೆಗೆಯಬೇಕು ಎಂದರು. ಇನ್ನೊಬ್ಬರು ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ, ತೊಡೆಯ ರಕ್ತನಾಳ ಪೂರ್ತಿ ಮುಚ್ಚಿದೆ, ಮೊದಲು ಬಲೂನ್ ಹಾಕಿ ನಾಳ ತೆರೆಯುವ ಆಂಜಿಯೋಪ್ಲಾಸ್ಟಿ ಮಾಡೋಣ ಎಂದರು. ಕಿಡ್ನಿ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.7 ಇದೆ. ಹೃದಯಕ್ಕೆ ಮಾಡುವುದನ್ನು ಕಾಲಿಗೂ ಮಾಡುತ್ತಾರಾ? ಯಾರ ಮಾತು ಕೇಳಬೇಕು?

ಉತ್ತರ: ಎರಡನೇ ವೈದ್ಯರ ಮಾತು ಕೇಳಿ. ಅದನ್ನೂ ಈ ವಾರವೇ ಕೇಳಿ.

ಯಾಕೆ ಅಂತ ಹೇಳುತ್ತೇನೆ. ಬೆರಳು ತೆಗೆದರೆ ಅಲ್ಲಿ ಇನ್ನೊಂದು ಹೊಸ ಗಾಯ ಆಗುತ್ತದೆ, ಅಲ್ವಾ? ಆ ಗಾಯ ಮಾಯಲು ರಕ್ತ ಬೇಕು. ಒಂದು ಸಣ್ಣ ಉಜ್ಜುಗಾಯ ಮಾಯಿಸುವಷ್ಟು ರಕ್ತವೂ ಬರದ ಪಾದದಲ್ಲಿ ಕತ್ತರಿಸಿದ ಗಾಯ ಹೇಗೆ ಮಾಯ್ದೀತು? ಹೀಗಾಗಿಯೇ ಮೊದಲು ಬೆರಳು, ಆಮೇಲೆ ಅರ್ಧ ಪಾದ, ಕೊನೆಗೆ ಮೊಣಕಾಲಿನ ಕೆಳಗಿನ ಕಾಲು ಅಂತ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ಮೊದಲು ರಕ್ತದ ದಾರಿ ತೆರೆಯಬೇಕು. ಸತ್ತ ಭಾಗವನ್ನು ತೆಗೆಯುವುದು ಆಮೇಲೆ. ಇದಕ್ಕೆ ಒಂದೇ ಅಪವಾದ. ಕೀವು, ಕೆಟ್ಟ ವಾಸನೆ, ಜ್ವರ, ಪಾದದ ಮೇಲೆ ಹಬ್ಬುತ್ತಿರುವ ಕೆಂಪು, ಇವು ಇದ್ದರೆ ಸೋಂಕು ಏರುತ್ತಿದೆ ಎಂದರ್ಥ. ಆಗ ಕೀವನ್ನು ತಕ್ಷಣ ಹೊರಹಾಕಲೇಬೇಕು, ಕಾಯುವಂತಿಲ್ಲ.

ನಿಮ್ಮ ತಂದೆ ರಾತ್ರಿ ಕಾಲು ಇಳಿಬಿಟ್ಟು ಕೂರುವುದು ಸುಮ್ನೆ ಬಂದ ಅಭ್ಯಾಸವಲ್ಲ. ಮಲಗಿದಾಗ ಪಾದಕ್ಕೆ ಇಳಿಯುವ ರಕ್ತ ಇನ್ನೂ ಕಡಿಮೆಯಾಗುತ್ತದೆ. ಕಾಲು ಕೆಳಗೆ ಬಿಟ್ಟರೆ ಅಷ್ಟಿಷ್ಟು ರಕ್ತ ತನ್ನ ಭಾರಕ್ಕೆ ಇಳಿದು ನೋವು ತಗ್ಗುತ್ತದೆ. ಹಾಗೆ ಕೂತು ಕೂತು ಪಾದ ಊದಿಕೊಂಡರೆ, ಊತ ಇಳಿಸಲು ಬಿಗಿ ಸಾಕ್ಸ್ ಮಾತ್ರ ಹಾಕಬೇಡಿ. ಅದು ಉಬ್ಬಿದ ಸಿರೆಗಳಿಗೆ ಮಾಡಿದ್ದು. ಇಲ್ಲಿ ಬರುತ್ತಿರುವ ಅಲ್ಪ ರಕ್ತವನ್ನೂ ಅದು ತಡೆಯುತ್ತದೆ. ಬಿಸಿನೀರಿನ ಚೀಲವೂ ಬೇಡ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿರುತ್ತದೆ, ಸುಟ್ಟರೂ ಗೊತ್ತಾಗುವುದಿಲ್ಲ.

ಇನ್ನು ‘ಹೃದಯಕ್ಕೆ ಮಾಡುವುದನ್ನು ಕಾಲಿಗೂ ಮಾಡುತ್ತಾರಾ’ ಎಂದು ಕೇಳಿದ್ದೀರಿ. ನಿಜ ಹೇಳಬೇಕೆಂದರೆ ಇದು ಶುರುವಾಗಿದ್ದೇ ಕಾಲಿನಿಂದ. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಚಾರ್ಲ್ಸ್ ಡಾಟರ್ ಎಂಬ ವೈದ್ಯರು 80 ದಾಟಿದ ಒಬ್ಬ ಅಜ್ಜಿಗೆ ಇದನ್ನು ಮೊದಲು ಮಾಡಿದರು. ಅವರ ಬೆರಳುಗಳು ಕೊಳೆಯುತ್ತಿದ್ದವು, ಕಾಲು ತೆಗೆಸಿಕೊಳ್ಳಲು ಅವರು ಒಪ್ಪಿರಲಿಲ್ಲ. ಡಾಟರ್ ತೊಡೆಯ ರಕ್ತನಾಳದೊಳಗೆ ತಂತಿ ತೂರಿಸಿ, ಅದರ ಮೇಲೆ ಒಂದಕ್ಕಿಂತ ಒಂದು ದಪ್ಪದ ಕೊಳವೆ ಜಾರಿಸಿ ದಾರಿ ಅಗಲ ಮಾಡಿದರು. ಆಕೆ ಮುಂದೆ ಎರಡು ವರ್ಷಕ್ಕೂ ಜಾಸ್ತಿ ಬದುಕಿದರು, ತಮ್ಮ ಎರಡೂ ಕಾಲಿನ ಮೇಲೆ ನಡೆದಾಡಿಕೊಂಡೇ. ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯರು ನಾಳದೊಳಗೆ ಉಬ್ಬಿಸುವ ತಮ್ಮ ಬಲೂನನ್ನು 1974ರಲ್ಲಿ ಮೊದಲು ಬಳಸಿದ್ದೂ ಕಾಲಿಗೇ. ಹೃದಯಕ್ಕೆ ಬಂದಿದ್ದು 1977ರಲ್ಲಿ.

ಈಗ ಮಾಡುವ ರೀತಿ ಹೀಗಿದೆ. ಪೂರ್ತಿ ಅರಿವಳಿಕೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ತೊಡೆಸಂದಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸುಮಾರು 2 ಮಿಲಿಮೀಟರ್ ದಪ್ಪದ ಕೊಳವೆ ಕೂರಿಸುತ್ತಾರೆ. ಎಕ್ಸ್-ರೇಯಲ್ಲಿ ನಾಳ ಕಾಣಲು ಬಣ್ಣದ ದ್ರವ ಬಿಟ್ಟಾಗ ಕಾಲಿನೊಳಗೆ ಬೆಚ್ಚನೆಯದೇನೋ ಹರಿದ ಹಾಗಾಗುತ್ತದೆ, ಹೆದರಬೇಡಿ ಅಂತ ತಂದೆಗೆ ಮೊದಲೇ ಹೇಳಿಡಿ. ಪರದೆಯ ಮೇಲೆ ರಕ್ತನಾಳ ಕಪ್ಪು ಗೆರೆಯಾಗಿ ಇಳಿದು, ಮುಚ್ಚಿದ ಜಾಗದಲ್ಲಿ ಥಟ್ಟನೆ ನಿಲ್ಲುತ್ತದೆ. ಅಲ್ಲಿಂದ ಮುಂದಕ್ಕೆ ತಂತಿ ದಾಟಿಸುವುದೇ ದೊಡ್ಡ ಕೆಲಸ. ಈ ತಂತಿ ಒಂದು ಮಿಲಿಮೀಟರೂ ದಪ್ಪ ಇರುವುದಿಲ್ಲ. ನಾಳದಲ್ಲಿ ಗಟ್ಟಿ ಸುಣ್ಣ ಕಟ್ಟಿದ್ದರೆ ಕೆಲವೊಮ್ಮೆ ಮೇಲಿನಿಂದ ದಾಟುವುದೇ ಇಲ್ಲ. ಆಗ ಪಾದದ ಹತ್ತಿರದ ಸಣ್ಣ ನಾಳದಲ್ಲಿ ಚುಚ್ಚಿ, ಕೆಳಗಿನಿಂದ ಮೇಲಕ್ಕೆ ದಾರಿ ಹುಡುಕುವುದೂ ಉಂಟು.

ತಂತಿ ದಾಟಿತು ಅಂದರೆ ಅರ್ಧ ಗೆದ್ದಂತೆ. ಅದರ ಮೇಲೆ ಬಲೂನ್ ಹೋಗುತ್ತದೆ. ತೊಡೆಯಲ್ಲಿ ಸಾಮಾನ್ಯವಾಗಿ 5–6 ಮಿಲಿಮೀಟರ್, ಮೊಣಕಾಲಿನ ಕೆಳಗೆ 2–3 ಮಿಲಿಮೀಟರ್ ಅಗಲದ್ದು. ಉಬ್ಬಿಸಿದಾಗ ಮೊದಲು ಬಲೂನಿನ ನಡು ಸಣ್ಣಗೆ, ಮರಳು ಗಡಿಯಾರದ ಸೊಂಟದ ಹಾಗೆ ಕಾಣುತ್ತದೆ. ಒತ್ತಡ ಏರಿಸುತ್ತಾ ಹೋದಂತೆ ಆ ಸೊಂಟ ಸಡಿಲವಾಗಿ ನೆಟ್ಟಗಾಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಆ ಕ್ಷಣದಲ್ಲಿ ಉಸಿರು ನಿರಾಳವಾಗುತ್ತದೆ. ಎರಡು ಮೂರು ನಿಮಿಷ ಹಾಗೇ ಇಟ್ಟು ಇಳಿಸುತ್ತಾರೆ. ನಾಳ ಮತ್ತೆ ಕುಗ್ಗಿದರೆ, ಅದನ್ನು ತೆರೆದಿಡುವ ನಿಟಿನಾಲ್ ಲೋಹದ ಜಾಲರಿ ಕೊಳವೆ, ಅಂದರೆ ಸ್ಟೆಂಟ್ ಹಾಕುತ್ತಾರೆ. ಮೊಣಕಾಲಿನ ಹಿಂಭಾಗದಲ್ಲಿ ಮಾತ್ರ ಆದಷ್ಟು ಸ್ಟೆಂಟ್ ತಪ್ಪಿಸುತ್ತಾರೆ. ಅಲ್ಲಿ ಕಾಲು ಮಡಚಿ ಮಡಚಿ ಸ್ಟೆಂಟ್ ಮುರಿಯುವ ಸಾಧ್ಯತೆ ಇರುತ್ತದೆ.

ಕಿಡ್ನಿ ವಿಷಯ ನೀವು ಹೇಳಿದ್ದು ಒಳ್ಳೆಯದಾಯಿತು. ಬಣ್ಣದ ದ್ರವ ಕಿಡ್ನಿಗೆ ಭಾರ. ಆದರೆ ಕ್ರಿಯಾಟಿನಿನ್ 1.7 ಇದೆ ಅಂತ ಕಾಲು ಉಳಿಸುವ ಚಿಕಿತ್ಸೆ ಬಿಡಬೇಕಾಗಿಲ್ಲ. ಮೊದಲೇ ಡ್ರಿಪ್ ಹಾಕಿ, ಬಣ್ಣದ ದ್ರವವನ್ನು ಕಡಿಮೆ ಬಳಸಬಹುದು. ತೊಡೆಯ ಭಾಗದ ಚಿತ್ರಕ್ಕೆ ಅದರ ಬದಲು ಕಾರ್ಬನ್ ಡೈ ಆಕ್ಸೈಡ್ ಅನಿಲವನ್ನೂ ಬಳಸುತ್ತಾರೆ. ‘ಇಲ್ಲಿ ಆ ಸೌಲಭ್ಯ ಇದೆಯಾ?’ ಎಂದು ಕೇಳಲು ಸಂಕೋಚ ಬೇಡ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ. ನೋವಿಗೆ ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಿಸಬೇಡಿ.

ಅಪಾಯವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಚುಚ್ಚಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಊದಬಹುದು. ಒಡೆದ ಚೂರು ಕೆಳಗಿನ ನಾಳಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ತೆರೆದ ನಾಳ ಕೆಲವು ತಿಂಗಳಲ್ಲಿ ಮತ್ತೆ ಕಿರಿದಾಗುವುದು ಅಪರೂಪವೇನಲ್ಲ, ಅದರಲ್ಲೂ ಮೊಣಕಾಲಿನ ಕೆಳಗೆ. ‘ಹಾಗಾದರೆ ಏನು ಪ್ರಯೋಜನ’ ಅನ್ನಬೇಡಿ. ಗಾಯ ಮಾಯಲು ಬೇಕಾಗುವಷ್ಟು ರಕ್ತ, ಮಾಯ್ದ ಚರ್ಮವನ್ನು ಉಳಿಸಿಕೊಳ್ಳಲು ಬೇಕಾಗುವುದಿಲ್ಲ. ಗಾಯ ಮುಚ್ಚುವ ತನಕ ನಾಳ ತೆರೆದಿದ್ದರೂ ಎಷ್ಟೋ ಕಾಲು ಉಳಿಯುತ್ತವೆ.

ಇನ್ನೊಂದು ಮಾತು. ಎಲ್ಲರಿಗೂ ಬಲೂನೇ ಉತ್ತಮ ಅಂತಲ್ಲ. ಕಾಲಿನಲ್ಲಿ ಒಳ್ಳೆಯ ಉದ್ದನೆಯ ಸಿರೆ ಇದ್ದು, ದೇಹ ಆಪರೇಷನ್ ತಡೆದುಕೊಳ್ಳುವಂತಿದ್ದರೆ, ಆ ಸಿರೆಯನ್ನೇ ಜೋಡಿಸಿ, ಮುಚ್ಚಿದ ಜಾಗ ಬಳಸಿಕೊಂಡು ರಕ್ತಕ್ಕೆ ಹೊಸ ದಾರಿ ಮಾಡುವ ಬೈಪಾಸ್ ಹೆಚ್ಚು ಫಲ ಕೊಡಬಹುದು. 2022ರಲ್ಲಿ ಪ್ರಕಟವಾದ ಬೆಸ್ಟ್-ಸಿಎಲ್ಐ ಎಂಬ ದೊಡ್ಡ ಅಧ್ಯಯನ ಇದನ್ನೇ ತೋರಿಸಿತು. ‘ಸಿರೆ ಪರೀಕ್ಷೆ ಮಾಡಿದ್ದೀರಾ, ಬೈಪಾಸ್ ಯಾಕೆ ಬೇಡ?’ ಎಂದು ವೈದ್ಯರನ್ನು ಕೇಳಿ. ಕಾರಣ ಬಿಡಿಸಿ ಹೇಳುವವರ ಹತ್ತಿರವೇ ಮಾಡಿಸಿ.

ಆಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳು, ಜೊತೆಗೆ ಕೊಬ್ಬಿಗೆ ಸ್ಟ್ಯಾಟಿನ್ ಇರುತ್ತವೆ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಸಿಗರೇಟು ಮಾತ್ರ ಆಂಜಿಯೋಪ್ಲಾಸ್ಟಿಯ ದಿನದ ತನಕ ಅಲ್ಲ, ಇವತ್ತೇ ನಿಲ್ಲಬೇಕು. ತಂದೆಗೆ ಬೈದು ಹೇಳಬೇಡಿ. ಆ ಕಪ್ಪಾದ ಬೆರಳನ್ನು ತೋರಿಸಿ, ಪಕ್ಕದಲ್ಲಿ ಕೂತು ಹೇಳಿ.

ಪ್ರಶ್ನೆ: ನನಗೆ 57 ವರ್ಷ. 400 ಮೀಟರ್ ನಡೆದರೆ ಮೀನಖಂಡ ನೋಯುತ್ತದೆ, ನಿಂತರೆ ಹೋಗುತ್ತದೆ. ಗಾಯ ಇಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ. ಪಾದದ ಗಂಟಿನ ಮತ್ತು ತೋಳಿನ ಬಿಪಿ ಹೋಲಿಸಿ 0.75 ಎಂದರು. ಈಗಲೇ ಸ್ಟೆಂಟ್ ಹಾಕಿಸಿಕೊಂಡರೆ ಮುಂದೆ ಕಾಲು ತೆಗೆಯುವುದು ತಪ್ಪುತ್ತದಾ?

ಉತ್ತರ: ಈಗಲೇ ಬೇಡ. 0.9 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ನಾಳ ಕಿರಿದಾಗಿದೆ ಎಂದರ್ಥ, ಹಾಗಾಗಿ ಕಾಯಿಲೆ ಇರುವುದು ಹೌದು. ಆದರೆ ನಿಮ್ಮ ಹಂತದಲ್ಲಿ ಹೆಚ್ಚಿನವರಿಗೆ ಕಾಲು ತೆಗೆಯುವ ಪರಿಸ್ಥಿತಿ ಬರುವುದೇ ಇಲ್ಲ. ನಿಮಗೆ ಜಾಸ್ತಿ ಅಪಾಯ ಇರುವುದು ಹೃದಯಾಘಾತ ಮತ್ತು ಪಾರ್ಶ್ವವಾಯುವಿನದು. ಸ್ಟೆಂಟ್ ಅದನ್ನು ತಡೆಯುವುದಿಲ್ಲ. ಮಾತ್ರೆ, ಬಿಪಿ ಹತೋಟಿ, ತಂಬಾಕಿನಿಂದ ದೂರ ಇರುವುದು, ಇವು ತಡೆಯುತ್ತವೆ.

ಕಾಲಿಗೆ ಮದ್ದು ನಡಿಗೆಯೇ. ವಾರಕ್ಕೆ ಕನಿಷ್ಠ ಮೂರು ದಿನ, ನಿಂತ ಹೊತ್ತೂ ಸೇರಿ 30ರಿಂದ 45 ನಿಮಿಷ, ಕಡಿಮೆ ಅಂದರೂ ಮೂರು ತಿಂಗಳು. ಅದಕ್ಕೂ ಮೊದಲು ಹೃದಯದ ಪರೀಕ್ಷೆ ಮಾಡಿಸಿ. ನೋವು ಶುರುವಾದ ತಕ್ಷಣ ನಿಲ್ಲಬೇಡಿ. ಜೋರಾಗುವ ತನಕ ನಡೆದು, ನಿಂತು, ಹೋದ ಮೇಲೆ ಮತ್ತೆ ನಡೆಯಿರಿ. ನೋವಿನಿಂದ ಕಾಲಿಗೆ ಹಾನಿ ಆಗುವುದಿಲ್ಲ. ಹೀಗೆ ಮಾಡಿದವರು ಮೊದಲಿಗಿಂತ ಎಷ್ಟೋ ದೂರ ನಿಲ್ಲದೆ ನಡೆಯುತ್ತಾರೆ. ಇಷ್ಟು ಮಾಡಿಯೂ ಕೆಲಸಕ್ಕೆ ಹೋಗಲು ಆಗದಷ್ಟು ತೊಂದರೆ ಉಳಿದರೆ, ಆಗ ಬಲೂನಿನ ಮಾತು ಆಡೋಣ.

ಒಂದು ಎಚ್ಚರ ಮಾತ್ರ ಇಟ್ಟುಕೊಳ್ಳಿ. ಯಾವತ್ತಾದರೂ ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡು, ಜೋಮು ಹಿಡಿದು, ಬೆರಳು ಆಡಿಸಲು ಆಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಶುರುವಾದ ಆರು ತಾಸಿನೊಳಗೆ ರಕ್ತ ಮತ್ತೆ ಹರಿಯಬೇಕು. ರಾತ್ರಿ ಎರಡು ಗಂಟೆಯಾದರೂ ಸರಿ, ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.