ಒಂದೇ ಪೋರ್ಟಿಗೆ ನಾಲ್ಕು ಡಿಸ್ಕ್ ಹಾಕಿದರೆ ವೇಗ ಸಾಲುತ್ತದೆಯೇ?

ಪೋರ್ಟ್ ಮಲ್ಟಿಪ್ಲೈಯರ್ (ಒಂದು ಪೋರ್ಟನ್ನು ಹಲವು ಡಿಸ್ಕುಗಳಿಗೆ ಹಂಚುವ) ಪೆಟ್ಟಿಗೆ ತಂದು, ಡಿಸ್ಕ್ ಜೋಡಿಸುವ ಒಂದೇ ಸಾಟಾ ಪೋರ್ಟಿನಲ್ಲಿ ನಾಲ್ಕು ಡಿಸ್ಕ್ ನಡೆಸಿ, ಅದರೊಳಗೇ ಮಿರರ್ (ಒಂದೇ ಮಾಹಿತಿಯನ್ನು ಎರಡು ಡಿಸ್ಕುಗಳಲ್ಲಿ ಬರೆದಿಡುವುದು) ಮಾಡಬೇಕೆಂದಿದ್ದೀರಿ. 2004ರಲ್ಲಿ ನಾನೂ ಇಂಥದ್ದನ್ನೇ ಮಾಡಿದ್ದೆ.

ಆಗ ಮುದ್ರಣಾಲಯವೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ಮದರ್‌ಬೋರ್ಡಿನಲ್ಲಿ ಎರಡು ಐಡಿಇ ಚಾನೆಲ್, ಅಂದರೆ ಸಾಟಾಗಿಂತ ಹಿಂದಿನ ಕಾಲದ ಡಿಸ್ಕ್ ಜೋಡಣೆಯ ಎರಡು ದಾರಿ. ಒಂದೊಂದರ ಪಟ್ಟಿ ಕೇಬಲಿಗೆ ಮಾಸ್ಟರ್ ಎಂಬ ಡ್ರೈವ್ ಒಂದು, ಸ್ಲೇವ್ ಎಂಬುದು ಒಂದು. ಸಿಡಿ ಡ್ರೈವ್ ಜೊತೆಗಿದ್ದರೆ ಹಾರ್ಡ್ ಡಿಸ್ಕ್ ನಿಧಾನವಾಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ, ಮಿರರಿನ ಎರಡೂ ಡಿಸ್ಕುಗಳನ್ನು ಒಂದೇ ಕೇಬಲಿಗೆ ಹಾಕಿದೆ. ಆ ಕೇಬಲಿನಲ್ಲಿ ಒಂದು ಸಲಕ್ಕೆ ಒಂದೇ ಡಿಸ್ಕ್ ಮಾತನಾಡಬಲ್ಲದು. ಆದ್ದರಿಂದ ಬರೆದದ್ದೆಲ್ಲ ಒಂದಾದ ಮೇಲೊಂದರಂತೆ ಎರಡು ಸಲ ಹೋಗುತ್ತಿತ್ತು. ಅದನ್ನಾದರೂ ಸಹಿಸಬಹುದಿತ್ತು. ಮದುವೆಗಳ ಕಾಲದಲ್ಲೇ ಸ್ಲೇವ್ ಡಿಸ್ಕಿನ ಸರ್ಕ್ಯೂಟ್ ಕೆಟ್ಟು ಇಡೀ ಕೇಬಲನ್ನೇ ಹಿಡಿದುಕೊಂಡಿತು. ಗಟ್ಟಿಮುಟ್ಟಾಗಿದ್ದ ಮಾಸ್ಟರ್ ಕೂಡ ಡಿಸ್ಕುಗಳನ್ನು ನಡೆಸುವ ಕಂಟ್ರೋಲರಿಗೆ ಕಾಣದಾಯಿತು.

ಕೆಟ್ಟದ್ದನ್ನು ಕಳಚಿದೆ. ಉಳಿದದ್ದೂ ಕಾಣಲಿಲ್ಲ! ಎರಡೂ ಹೋದವೆಂದೇ ತಿಳಿದೆ. ಎರಡು ದಿನ ಕೆಲಸ ನಿಂತಿತು. ಒಪ್ಪಿಕೊಂಡಿದ್ದ ಲಗ್ನಪತ್ರಿಕೆಗಳು ಬೇರೆ ಪ್ರೆಸ್ಸಿನ ಪಾಲಾದವು. ಬೆಂಗಳೂರಿನ ಎಸ್.ಪಿ. ರಸ್ತೆಯ ಹಿರಿಯರೊಬ್ಬರು ಡಿಸ್ಕಿನ ಹಿಂಬದಿಯಲ್ಲಿ ಕಡಲೆಬೇಳೆಯಷ್ಟಿದ್ದ ಜಂಪರನ್ನು (ಡಿಸ್ಕ್ ಮಾಸ್ಟರೋ ಸ್ಲೇವೋ ಎಂದು ಹೇಳಲು ಪಿನ್ನುಗಳಿಗೆ ಹಾಕುವ ತುಂಡು) ಚಿಮಟದಲ್ಲಿ ಹಿಡಿದು ಎಳೆದರು, ಅಷ್ಟೆ. ಆ ಡಿಸ್ಕಿನಲ್ಲಿ ಒಂಟಿಯಾಗಿರುವಾಗಿನ ಜಂಪರ್ ಜಾಗ ಬೇರೆ, ಸ್ಲೇವ್ ಜೊತೆಗಿರುವಾಗಿನ ಜಾಗ ಬೇರೆ. ಅದು ಇಲ್ಲದ ಜೊತೆಗಾರನಿಗಾಗಿ ಕಾಯುತ್ತಿತ್ತು. ಫೈಲುಗಳೆಲ್ಲ ಸುರಕ್ಷಿತವಾಗಿದ್ದವು. ಎರಡು ಡಿಸ್ಕುಗಳನ್ನು ಎರಡು ಚಾನೆಲಿಗೆ ಹಾಕಿದ್ದರೆ ಆ ದಿನ ಕೆಲಸ ಒಂದು ಗಳಿಗೆಯೂ ನಿಲ್ಲುತ್ತಿರಲಿಲ್ಲ; ಸಿಡಿ ಡ್ರೈವಿನ ವೇಗದ ಚಿಂತೆಯಲ್ಲಿ ಇದು ನನಗೆ ಹೊಳೆಯಲೇ ಇಲ್ಲ.

ಹಾಗಾಗಿ ವೇಗದ ಪ್ರಶ್ನೆಯನ್ನೇ ಬಿಡಿ. 6 ಗಿಗಾಬಿಟ್‌ನ ಪೋರ್ಟ್ ಸೆಕೆಂಡಿಗೆ ಹೆಚ್ಚೆಂದರೆ 600 ಮೆಗಾಬೈಟ್ ಸಾಗಿಸುತ್ತದೆ, ಮನೆಬಳಕೆಗೆ ಅದು ಧಾರಾಳ. ಆದರೆ ಸಾಟಾ ಬಂದು ಡಿಸ್ಕಿಗೊಂದು ಕೇಬಲ್ ಆದಾಗ ತೊಲಗಿದ್ದ ಕಾಟವನ್ನು ಈ ಪೆಟ್ಟಿಗೆ ಮತ್ತೆ ಮನೆಗೆ ಕರೆತರುತ್ತದೆ. ಅಗ್ಗದವುಗಳಲ್ಲಿ ಕಂಟ್ರೋಲರ್ ಒಂದು ಡಿಸ್ಕಿನ ಆದೇಶ ಮುಗಿಯುವವರೆಗೆ ಇನ್ನೊಂದರತ್ತ ತಿರುಗುವುದಿಲ್ಲ. ಒಂದು ಡಿಸ್ಕ್ ಕಾಯಿಲೆ ಬಿದ್ದರೆ ನಾಲ್ಕೂ ಕಾಯಬೇಕು.

ಪೆಟ್ಟಿಗೆ ಕೊಳ್ಳಬೇಡಿ. ಮಿರರಿನ ಒಂದು ಡಿಸ್ಕ್ ಮದರ್‌ಬೋರ್ಡಿನ ಪೋರ್ಟಿನಲ್ಲಿರಲಿ, ಇನ್ನೊಂದು ಬೇರೆ ಸಾಟಾ ಕಾರ್ಡಿನಲ್ಲಿ. ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್ (ಹಲವು ಡಿಸ್ಕುಗಳನ್ನು ಒಟ್ಟಾಗಿ ನಡೆಸುವ ವ್ಯವಸ್ಥೆ) ಎರಡನ್ನೂ ಸಲೀಸಾಗಿ ಜೋಡಿಸುತ್ತದೆ. ಜೋಡಿಸುವ ಮೊದಲು ಪ್ರತಿ ಡಿಸ್ಕಿನ ಸರಣಿ ಸಂಖ್ಯೆಯ ಕೊನೆಯ ನಾಲ್ಕು ಅಕ್ಷರಗಳನ್ನು ಚೀಟಿಯಲ್ಲಿ ಬರೆದು ಅದರ ಕೇಬಲಿಗೆ ಅಂಟಿಸಿ. ಕೆಟ್ಟ ದಿನ ಕೈ ಮೊದಲು ಹೋಗುವುದು ಅಲ್ಲಿಗೇ.