ಪ್ರತಿಕ್ರಿಯೆ: ಒಂದೇ ಊರಲ್ಲಿ ಎರಡು ಲೂಥರನ್ ಚರ್ಚ್ ಯಾಕೆ?
ಅಮೆರಿಕದ ಮಿನ್ನೆಸೋಟ ರಾಜ್ಯದ ಅಷ್ಟು ಸಣ್ಣ ಊರಲ್ಲಿ ಎದುರುಬದುರು ಎರಡು ನಾರ್ವೇಜಿಯನ್ ಲೂಥರನ್ ಚರ್ಚ್ (ನಾರ್ವೆಯಿಂದ ವಲಸೆ ಬಂದ ಪ್ರಾಟೆಸ್ಟೆಂಟ್ ಕ್ರೈಸ್ತರದ್ದು) ಯಾಕೆ ಅಂದ್ರಲ್ಲ, ಬಹುಶಃ 1880ರ ದಶಕದ ಜಗಳದಿಂದ. ಮೋಕ್ಷ ಯಾರಿಗೆ ಅಂತ ದೇವರು ಮೊದಲೇ ಆರಿಸಿಟ್ಟಿದಾನಾ ಅನ್ನೋ ವಾದದಲ್ಲಿ ನಾರ್ವೇಜಿಯನ್ ಸಿನಡ್ ಅನ್ನೋ ಚರ್ಚ್‌ಗಳ ಒಕ್ಕೂಟ ಒಡೆದು 1887ರ ಹೊತ್ತಿಗೆ ಸುಮಾರು ಮೂರನೇ ಒಂದು ಭಾಗ ಹೊರಗೆ ಹೋಯ್ತು, ಹೋದವ್ರು ಎಷ್ಟೋ ಕಡೆ ಪಕ್ಕದಲ್ಲೇ ಇನ್ನೊಂದು ಚರ್ಚ್ ಕಟ್ಕೊಂಡ್ರು. 1917ರಲ್ಲಿ ಒಕ್ಕೂಟದ ಮಟ್ಟದಲ್ಲಿ ಎರಡೂ ಕಡೆಯವ್ರು ಒಂದಾದ್ರೂ ಊರಲ್ಲಿ ಕಟ್ಟಡ ಎರಡೂ ಉಳ್ಕೊಂಡ್ವು!

ಮೊದಲು ಎರಡರ ಅಡಿಗಲ್ಲಲ್ಲಿ ಇಸವಿ ನೋಡಿ. ಒಂದು 1887ರ ಆಸುಪಾಸಿನದ್ದಾದ್ರೆ ಇದೇ ಕಾರಣ ಇರಬೇಕು, ಆದ್ರೆ ಬೆಂಕಿ ಬಿದ್ದು ಮತ್ತೆ ಕಟ್ಟಿದ್ದೂ ಇರಬಹುದು, ಕಲ್ಲೊಂದನ್ನೇ ನಂಬ್ಬೇಡಿ. ಆಮೇಲೆ ಚರ್ಚ್ ಆಫೀಸಲ್ಲಿ ಶತಮಾನೋತ್ಸವದ ಪುಸ್ತಕ ಕೇಳಿ, ಅದ್ರಲ್ಲಿ ಜಗಳನ ಒಂದೇ ಸಾಲಲ್ಲಿ ಮುಗಿಸಿರ್ತಾರೆ, ಅದಕ್ಕೇ ಹಳೇ ಮಿನಿಟ್ಸ್ ಪುಸ್ತಕನೂ ಕೇಳಿ. ನಾರ್ವೇಜಿಯನ್‌ನಲ್ಲಿದ್ರೆ 1880ರಿಂದ 1890ರವರೆಗಿನ ಪುಟ ಮಾತ್ರ ಫೋಟೋ ತೆಗೆದು ಓದಿಸಿ, ಸಾಕು.