ಮನುಷ್ಯರ ಆರೈಕೆ ಇಲ್ಲದಿದ್ದರೆ ಎಷ್ಟು ನಾಯಿ, ಬೆಕ್ಕುಗಳು ಬದುಕುಳಿದಾವು?

ಎರಡಕ್ಕೂ ಒಂದೇ ಲೆಕ್ಕ ಹೇಳಲಾಗದು. ಬೆಕ್ಕಿಗೆ ಅವಕಾಶ ಬಹಳ ಹೆಚ್ಚು.

ದಕ್ಷಿಣ ಆಫ್ರಿಕಾದ ಮರಿಯನ್ ದ್ವೀಪಕ್ಕೆ 1949ರಲ್ಲಿ ಇಲಿ ಹಿಡಿಯಲೆಂದು ತಂದ 5 ಬೆಕ್ಕುಗಳು 1977ರ ಹೊತ್ತಿಗೆ ಸುಮಾರು 3,400 ಆಗಿದ್ದವು. ಕಡಲಹಕ್ಕಿಗಳನ್ನೇ ತಿಂದು ಬೆಳೆದವು. ನಮ್ಮ ಕಾಸರಗೋಡಿನ ಅಡಿಕೆ ತೋಟಗಳಲ್ಲೂ ಇಲಿ, ಓತಿ, ಕಪ್ಪೆಗೆ ಬರವಿಲ್ಲ. ಆದರೆ ಒಂದು ಬೆಕ್ಕಿಗೆ ದಿನಕ್ಕೆ ಎಂಟು ಚಿಕ್ಕ ಇಲಿಗಳಷ್ಟಾದರೂ ಬೇಕು. ತಾಯಿಯಿಂದ ಬೇಟೆ ಕಲಿಯದೆ ಮನೆಯೊಳಗೇ ಬೆಳೆದದ್ದು ಅಷ್ಟು ಹಿಡಿಯುವುದು ಕಷ್ಟ. ಬರೀ ಅನ್ನದ ಮೇಲೆ ಬೆಕ್ಕು ಬದುಕದು. ಮಾಂಸದಲ್ಲಿರುವ ಟಾರಿನ್ ಎಂಬ ಪೋಷಕಾಂಶ ಸಿಗದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ.

ನಾಯಿಯ ಸ್ಥಿತಿ ಕಠಿಣ. ಬೀದಿನಾಯಿ ಸ್ವತಂತ್ರ ಎಂದು ಕಾಣುತ್ತದೆ, ಆದರೆ ಅದರ ಹೊಟ್ಟೆ ತುಂಬುವುದು ಮೀನು ಮಾರುಕಟ್ಟೆಯ ಕರುಳು, ಕೋಳಿ ಅಂಗಡಿಯ ಕಸ, ಮನೆಯ ಎಂಜಲಿನಿಂದ. ಜನರಿಲ್ಲವಾದರೆ ಅದೂ ಇಲ್ಲ. ಪಶ್ಚಿಮ ಬಂಗಾಳದ ಅಧ್ಯಯನವೊಂದರಲ್ಲಿ, ಜನರ ನಡುವೆಯೇ ಇದ್ದರೂ, ಐದು ಮರಿಗಳಲ್ಲಿ ಒಂದು ಮಾತ್ರ ಪ್ರಾಯಕ್ಕೆ ಬಂತು. ಉಳಿಯುವುದು ಮಧ್ಯಮ ಗಾತ್ರದ ನಾಟಿ ತಳಿಗಳೇ. ಮೂಗು ಚಪ್ಪಟೆಯಾದ ಪಗ್‌ಗೆ ಓಡಿದರೆ ಉಸಿರೇ ಸಾಲದು. ಉದ್ದ ಕೂದಲಿನ ನಾಯಿಗೆ ಜುಲೈ ಮಳೆಯಲ್ಲಿ ಮೈ ಒಣಗದೆ ಚರ್ಮ ಹುಣ್ಣಾಗುತ್ತದೆ, ಕಿವಿಯ ಮಡಿಕೆಯಲ್ಲಿ ಉಣ್ಣಿ ಗೊಂಚಲು ಕಟ್ಟುತ್ತದೆ.

ಎಲ್ಲಕ್ಕಿಂತ ಮೊದಲು ಸಾಯುವುದು ಸರಪಳಿಯಲ್ಲಿ, ಮುಚ್ಚಿದ ಕೋಣೆಯಲ್ಲಿ ಉಳಿದವು. ನೀರಿಲ್ಲದೆ ಕೆಲವೇ ದಿನ.